ಇಂದಿನ ಧಮ್ಮ ಚಿಂತನೆ: ಹೆಸರು ಬಿಡುವುದು, ಹೆಸರು ಮುಚ್ಚಿಡುವುದು



ಬಂಧುಗಳೇ, ಹೋದ ಭಾನುವಾರ ಹಲಸೂರಿನ ನಮ್ಮ ಅಧ್ಯಯನಕ್ಕೆ ನಾನು ಬರಲಿಲ್ಲ. ಯಾಕೆ ಎಂದು ಕೆಲವರು ಕೇಳಿದಿರಿ. ಮಗಳ ಒತ್ತಾಯಕ್ಕೆ ಕುಮಟಾದಿಂದ ಗೋಕರ್ಣದವರೆಗೆ ಸಮುದ್ರದ ದಂಡೆಯಲ್ಲಿ ನಡೆಯುವ ಎರಡು ದಿನದ ಟ್ರೆಕ್‌ಗೆ ಹೋಗಿದ್ದೆ. ಅಲ್ಲಿ ಪಂಚಶೀಲದಲ್ಲಿ ಒಂದನ್ನು ಮುರಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅನ್ನಿಸಿತು.

ಶುಕ್ರವಾರ ರಾತ್ರಿ ಬಸ್ಸು ಕೆ.ಆರ್. ಪುರದ ತೂಗುಸೇತುವೆ ಬಳಿ ಕೆಲವರನ್ನು, ಇಂದಿರಾನಗರದಲ್ಲಿ ಕೆಲವರನ್ನು ಹತ್ತಿಸಿಕೊಂಡಿತು. ಹೆಚ್ಚಿನವರು ಕಂಪನಿ ಕೆಲಸದ ಹುಡುಗ ಹುಡುಗಿಯರು. ನನ್ನ ವಯಸ್ಸಿನವರು ಇನ್ನೊಬ್ಬರು ಮಾತ್ರ ಇದ್ದರು. ದಾರಿ ತೋರಿಸುವ ಹುಡುಗ ನೀರು ಇಳಿದಿದ್ದಾಗ ಒದ್ದೆ ಮರಳಿನ ಮೇಲೆ ನಡೆಸುತ್ತಿದ್ದ, ಬಂಡೆ ಬಂದಲ್ಲಿ ಗುಡ್ಡ ಹತ್ತಿಸುತ್ತಿದ್ದ.

ನಮ್ಮ ಅಜ್ಜ ಕೂಲಿಗಾಗಿ ನಡೆದವರು. ಕೆಲವು ಬೀದಿಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಬರೀ ಸಂತೋಷಕ್ಕೆ ನಡೆಯುವುದು ನಮ್ಮ ಮನೆಯಲ್ಲಿ ನನ್ನಿಂದಲೇ ಶುರು. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಡಿಗೆಯಿಂದ ಐದು ಲಾಭ ಎಂದು ತಥಾಗತರೇ ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ: ಪ್ರಯಾಣಕ್ಕೆ ಬಲ, ಸಾಧನೆಗೆ ಬಲ, ಆರೋಗ್ಯ, ಉಂಡದ್ದು ಅರಗುವುದು, ಬಹುಕಾಲ ನಿಲ್ಲುವ ಏಕಾಗ್ರತೆ.

ತಪ್ಪು ನಡೆದದ್ದು ನಿರ್ವಾಣ ಬೀಚ್‌ನಲ್ಲಿ. ಹೌದು, ಕಾಗಾಲ ಹತ್ತಿರದ ಆ ಮರಳಿನ ದಂಡೆಯನ್ನು ಹಾಗೇ ಕರೆಯುತ್ತಾರೆ. ಆ ಹಿರಿಯರು ನನ್ನ ಜೊತೆ ನಡೆಯುತ್ತಿದ್ದರು.

"ಸರ್, ನೀವು ಯಾವ ಕಡೆಯವರು?"

"ಹಲಸೂರು."

"ಅದಲ್ಲ ಸರ್, ಮೂಲ?"

"ಕೋಲಾರದ ಕಡೆ."

"ತಪ್ಪು ತಿಳ್ಕೋಬೇಡಿ, ಯಾವ ಜನ?"

ನಿರ್ವಾಣ ತಲುಪಿದ ಮೇಲೂ ಅವರಿಗೆ ನನ್ನ ಜಾತಿ ಬೇಕಿತ್ತು. ನಾನು ತಡವರಿಸಿದೆ. ಅವರೇ, "ನಮ್ಮವರೇ ಇರಬೇಕು, ನೋಡಿದ್ರೆ ಗೊತ್ತಾಗುತ್ತೆ" ಅಂದರು. ನಾನು ನಕ್ಕೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅವರು ಚೀಲದಿಂದ ಮನೆಯಲ್ಲಿ ಮಾಡಿದ ಕೋಡುಬಳೆ ತೆಗೆದು ಕೊಟ್ಟರು. ತಿಂದೆ.

ರಾತ್ರಿ ಮಗಳು ಕೇಳಿದಳು: "ಅಪ್ಪ, ಅವರು 'ನಮ್ಮವರೇ' ಅಂದಾಗ ನೀನ್ಯಾಕೆ ನಕ್ಕೆ?"

ಉತ್ತರ ಇರಲಿಲ್ಲ. ಬಾಯಿಂದ ಸುಳ್ಳು ಹೊರಡದಿದ್ದರೂ, ಇನ್ನೊಬ್ಬರು ಸುಳ್ಳನ್ನು ನಂಬಲಿ ಎಂದು ಬಿಟ್ಟರೆ ಅದು ಮೃಷಾವಾದವೇ ಅಲ್ಲವೇ?

*ಹಾಗಾದರೆ ಜಾತಿ ಮುಚ್ಚಿಡುವುದು ಯಾವಾಗಲೂ ತಪ್ಪೇ?*

ಹಾಗೆ ಹೇಳಲು ನನಗೆ ಧೈರ್ಯವಿಲ್ಲ. 1917ರಲ್ಲಿ ಬಾಬಾಸಾಹೇಬರು ಕೆಲಸಕ್ಕಾಗಿ ಬರೋಡಕ್ಕೆ ಹೋದಾಗ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇವತ್ತಿಗೂ ನಮ್ಮ ಮಕ್ಕಳು ಬಾಡಿಗೆ ಮನೆ ಹುಡುಕುವಾಗ ಮಾತು ಹಾರಿಸುತ್ತಾರೆ. ಸೂರಿಗಾಗಿ, ಅನ್ನಕ್ಕಾಗಿ ಮುಚ್ಚಿಟ್ಟವರನ್ನು ನಾನು ದೂರಲಾರೆ. ಅಲ್ಲಿ ಮೊದಲ ತಪ್ಪು ಬಾಗಿಲು ಹಾಕುವವನದು.

ಆದರೆ ಆ ಬೀಚ್‌ನಲ್ಲಿ ನಾನು ಏನನ್ನು ಕಾಪಾಡಿಕೊಂಡೆ? ಮನೆ ಹೋಗುತ್ತಿರಲಿಲ್ಲ, ಕೆಲಸ ಹೋಗುತ್ತಿರಲಿಲ್ಲ. ಎರಡು ದಿನದ ಮರ್ಯಾದೆ, ಒಂದು ಕೋಡುಬಳೆ, ಅಷ್ಟೇ. ಅದಕ್ಕಾಗಿ ಮಗಳ ಮುಂದೆ ನನ್ನನ್ನು ನಾನೇ ಸಣ್ಣವನಾಗಿಸಿಕೊಂಡೆ.

ಮರುದಿನ ಬೆಳಿಗ್ಗೆ ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟಬೇಕಿತ್ತು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿ ನದಿ ಅಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಎಲ್ಲಿಯವರೆಗೆ ನದಿ, ಎಲ್ಲಿಂದ ಸಮುದ್ರ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಉದಾನದ ಮಾತು ನೆನಪಾಯಿತು. ಗಂಗೆ, ಯಮುನೆಯಂತಹ ನದಿಗಳು ಸಮುದ್ರ ಸೇರಿದಾಗ ಹಳೆಯ ಹೆಸರು ಬಿಡುವಂತೆ, ನಾಲ್ಕೂ ವರ್ಣದವರು ಸಂಘ ಸೇರಿದಾಗ ಹೆಸರು, ಗೋತ್ರ ಬಿಡುತ್ತಾರೆ ಎಂದರು ಬುದ್ಧರು. 1956ರ ಅಕ್ಟೋಬರ್ 15ರಂದು ನಾಗಪುರದ ಭಾಷಣದಲ್ಲಿ ಬಾಬಾಸಾಹೇಬರೂ ಇದನ್ನೇ ನೆನಪಿಸಿದರು.

ಹೆಸರು ಬಿಡುವುದು ಬೇರೆ, ಮುಚ್ಚಿಡುವುದು ಬೇರೆ. ದೀಕ್ಷೆಯಲ್ಲಿ ನಾನು ಹಳೆಯ ಹೆಸರು ಬಿಟ್ಟಿದ್ದೆ. ಬೀಚ್‌ನಲ್ಲಿ ಇನ್ನೊಂದು ಜಾತಿಯ ಹೆಸರನ್ನು ಸುಮ್ಮನೆ ಮೈಮೇಲೆ ಹಾಕಿಕೊಂಡೆ. ನದಿ ತನ್ನ ಹೆಸರು ಬಿಟ್ಟು ಪಕ್ಕದ ನದಿಯ ಹೆಸರು ಕದ್ದಂತೆ.

ಇನ್ನೊಂದು ಮಾತು. ಹೆಸರು ಬಿಡಬೇಕಾದವರು ನಾವು ಮಾತ್ರವಲ್ಲ. ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ, ನಮ್ಮ ಕುಲದ ಗರ್ವ ಇಳಿಯಲಿ, ನಮಗಿಂತ ಮೊದಲು ಕ್ಷೌರಿಕ ಉಪಾಲಿಗೆ ದೀಕ್ಷೆ ಕೊಡಿ, ನಾವು ಅವನಿಗೆ ನಮಸ್ಕರಿಸುತ್ತೇವೆ ಎಂದು ಅವರೇ ಕೇಳಿಕೊಂಡರು. ದೊಡ್ಡ ಹೆಸರಿನವರೂ ಕೆಳಗಿಟ್ಟರೆ ಮಾತ್ರ ಅದು ಸಮುದ್ರ. ಒಂದೇ ಕಡೆಯವರು ಮುಚ್ಚಿಟ್ಟುಕೊಂಡು "ಇಲ್ಲಿ ಎಲ್ಲರೂ ಒಂದೇ" ಅಂದರೆ ಅದು ಪಿಕ್ನಿಕ್.

ದೋಣಿಯಲ್ಲಿ ಅವರ ಪಕ್ಕ ಕುಳಿತೆ. "ನಿನ್ನೆ ನೀವು ಕೇಳಿದ್ರಿ, ನಾನು ಸರಿಯಾಗಿ ಹೇಳಲಿಲ್ಲ. ನೀವು ಅಂದುಕೊಂಡ ಜನ ನಾವಲ್ಲ. ದಲಿತರ ಮನೆಯಲ್ಲಿ ಹುಟ್ಟಿದ್ದು. ಬಾಬಾಸಾಹೇಬರ ದಾರಿ ಹಿಡಿದು ಬೌದ್ಧರಾಗಿದ್ದೀವಿ. ಈಗ ನಮಗೆ ಜಾತಿ ಇಲ್ಲ."

ಅವರು ಸ್ವಲ್ಪ ಹೊತ್ತು ನೀರು ನೋಡಿದರು. "ಅದರಲ್ಲೇನಿದೆ ಸರ್" ಅಂದರು. ತದಡಿಯಲ್ಲಿ ಇಳಿದ ಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚ್‌ಗಳನ್ನು ದಾಟಿ ಗೋಕರ್ಣದವರೆಗೂ ಅವರು ಮುಂದಿನವರ ಜೊತೆ ನಡೆದರು. ಅವರ ಮನಸ್ಸಿನಲ್ಲಿ ಏನಿತ್ತೋ, ಊಹಿಸಲು ಹೋಗುವುದಿಲ್ಲ. ನನ್ನ ಶೀಲ ನನ್ನ ಮಾತಿಗೆ ಸಂಬಂಧಿಸಿದ್ದು, ಅವರ ಉತ್ತರಕ್ಕಲ್ಲ.

ಮಗಳು ಮಾತ್ರ ಪಕ್ಕಕ್ಕೆ ಬಂದು ನನ್ನ ಹೆಜ್ಜೆಗೆ ಹೆಜ್ಜೆ ಹಾಕಿದಳು.

ಇಂದು ಯೋಚಿಸೋಣ: ನಾನು ಮುಚ್ಚಿಟ್ಟದ್ದು ಸೂರು, ಅನ್ನ ಉಳಿಸಿಕೊಳ್ಳಲೋ? ಅಥವಾ ಯಾರೋ ಕೊಡುವ ಸುಳ್ಳು ಮರ್ಯಾದೆಗೋ?

ಜೈ ಭೀಮ್. ನಮೋ ಬುದ್ಧಾಯ. 🙏