ಫಲ ಕಾಣದ ಆಟ

ಕಾರ್ಲಾ ಕೌಟೊ ಪೋರ್ಚುಗಲ್ ಮಹಿಳಾ ಫುಟ್‌ಬಾಲ್ ತಂಡಕ್ಕಾಗಿ ಆಡಿದ್ದು 145 ಪಂದ್ಯ. 1993ರಲ್ಲಿ ಮೊದಲ ಬಾರಿ ದೇಶದ ಅಂಗಿ ತೊಟ್ಟವರು 2012ರವರೆಗೂ ಆಡುತ್ತಲೇ ಇದ್ದರು. ಇಷ್ಟು ವರ್ಷಗಳಲ್ಲಿ ಒಂದು ವಿಶ್ವಕಪ್ಪಿನಲ್ಲಾಗಲಿ, ಒಂದು ಯೂರೋ ಟೂರ್ನಿಯಲ್ಲಾಗಲಿ ಅವರು ಕಣಕ್ಕಿಳಿಯಲಿಲ್ಲ. ಅವರಿಗೆ ಯೋಗ್ಯತೆ ಇರಲಿಲ್ಲವೆಂದಲ್ಲ, ಅವರ ತಂಡವೇ ಅಲ್ಲಿಯವರೆಗೆ ತಲುಪಲಿಲ್ಲ. ಅವರು ತಂಡ ಬಿಟ್ಟ ಐದು ವರ್ಷಕ್ಕೆ, 2017ರಲ್ಲಿ, ಪೋರ್ಚುಗಲ್‌ನ ಹೆಣ್ಣುಮಕ್ಕಳು ಮೊದಲ ಸಲ ಯೂರೋ ಟೂರ್ನಿ ಆಡಲು ನೆದರ್ಲೆಂಡ್ಸ್‌ಗೆ ಹೊರಟರು.

ಫಲ ಕಾಣದೆ ಮುಗಿದ ಇಂಥ ದುಡಿಮೆಯನ್ನು ಏನೆಂದು ಕರೆಯಬೇಕು?

ನಮ್ಮಲ್ಲಿ ಉತ್ತರ ನಾಲಿಗೆಯ ತುದಿಯಲ್ಲೇ ಇದೆ: ನಿಷ್ಕಾಮ ಕರ್ಮ. ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು, ಫಲದ ಮೇಲೆ ಕಣ್ಣಿಡಬಾರದು ಎಂಬ ಗೀತೆಯ ಮಾತು ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಂದ ಹಿಡಿದು ಬೆಳೆ ಕಳೆದುಕೊಂಡ ರೈತನವರೆಗೆ ಎಲ್ಲರ ಕಿವಿಗೂ ಬಿದ್ದಿದೆ. ಕೌಟೊ ಅವರ ಕತೆಗೂ ಅದು ಹೊಂದುತ್ತದೆ ಎನ್ನಿಸುವುದು ಸಹಜ. ಆದರೆ ಒಪ್ಪುವ ಮೊದಲು ಅವರಿಗೆ ಆ ಫಲ ಯಾಕೆ ಸಿಗಲಿಲ್ಲ ಎಂದು ನೋಡಬೇಕು.

ಅವರು ಹುಟ್ಟಿದ್ದು 1974ರ ಏಪ್ರಿಲ್‌ನಲ್ಲಿ. ಲಿಸ್ಬನ್ನಿನ ಬೀದಿಗಳಲ್ಲಿ ಸೈನಿಕರ ಬಂದೂಕಿನ ನಳಿಗೆಗೆ ಜನ ಹೂವು ಸಿಕ್ಕಿಸಿ, ದಶಕಗಳ ಸರ್ವಾಧಿಕಾರ ಉರುಳಿದ್ದೂ ಅದೇ ತಿಂಗಳಲ್ಲಿ. ಸರ್ವಾಧಿಕಾರಿ ಸಲಾಜಾರ್ ಆಳ್ವಿಕೆಯ 1933ರ ಸಂವಿಧಾನ ಎಲ್ಲರೂ ಸಮಾನರೆಂದು ಹೇಳಿ, ಹೆಂಗಸಿನ ವಿಷಯದಲ್ಲಿ ಮಾತ್ರ ಆಕೆಯ ಸ್ವಭಾವವನ್ನೂ ಕುಟುಂಬದ ಹಿತವನ್ನೂ ಮುಂದಿಟ್ಟು ವಿನಾಯಿತಿ ಇಟ್ಟುಕೊಂಡಿತ್ತು. 1969ರವರೆಗೆ ಮದುವೆಯಾದ ಹೆಣ್ಣು ಗಡಿ ದಾಟಲು ಗಂಡನ ಒಪ್ಪಿಗೆ ಬೇಕಿತ್ತು. ಅಂಥ ದೇಶದ ಮಹಿಳಾ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1981ರಲ್ಲಿ, ಫ್ರಾನ್ಸ್ ವಿರುದ್ಧ. ಪಂದ್ಯ ಗೋಲಿಲ್ಲದೆ ಸಮವಾಯಿತು. ಎರಡೇ ವರ್ಷಕ್ಕೆ ತಂಡದ ಚಟುವಟಿಕೆ ನಿಂತಿತು. ಮತ್ತೆ ತಂಡ ಕಟ್ಟಿದ್ದು ಹತ್ತು ವರ್ಷದ ಮೇಲೆ, 1993ರಲ್ಲಿ. ಕೌಟೊ ಬಂದದ್ದು ಆ ಹೊಸ ಆರಂಭದ ಹೊತ್ತಿಗೆ.

ಕ್ಲಬ್‌ಗಳ ಕತೆಯೂ ಬೇರೆಯಲ್ಲ. ಅವರು ಆಟ ಶುರುಮಾಡಿದ ಹೆಸರಾಂತ ಸ್ಪೋರ್ಟಿಂಗ್ ಕ್ಲಬ್ 1995ರಲ್ಲಿ ತನ್ನ ಮಹಿಳಾ ತಂಡವನ್ನು ಮುಚ್ಚಿ, ಮತ್ತೆ ತೆರೆದದ್ದು 2016ರಲ್ಲಿ. ಆ ಎರಡು ದಶಕ ಹೆಣ್ಣುಮಕ್ಕಳ ಫುಟ್‌ಬಾಲನ್ನು ಹಿಡಿದಿಟ್ಟದ್ದು ಸಣ್ಣಪುಟ್ಟ ಕ್ಲಬ್‌ಗಳು. ಸಿಂತ್ರಾದ ‘ಪ್ರಿಮೆಯ್ರೊ ದೆ ದೆಜೆಂಬ್ರೊ’ ಅವುಗಳಲ್ಲಿ ಮುಂಚೂಣಿಯದು. 2002ರಿಂದ 2012ರವರೆಗೆ ಸತತ 11 ಬಾರಿ ದೇಶದ ಲೀಗ್ ಗೆದ್ದ ಈ ಕ್ಲಬ್‌ನಲ್ಲಿ ಕೌಟೊ ಬಹಳ ವರ್ಷ ಆಡಿದರು. ದೇಶದೊಳಗೆ ಇನ್ನು ಗೆಲ್ಲಲು ಏನೂ ಉಳಿದಿರಲಿಲ್ಲ, ಆದರೆ ಆ ಗೆಲುವಿನಿಂದ ಬದುಕು ನಡೆಯುತ್ತಿರಲಿಲ್ಲ. ಆಟವನ್ನೇ ಕಸುಬಾಗಿ ಮಾಡಿಕೊಳ್ಳಲು ಹೊರಗೆ ಹೋಗಬೇಕಿತ್ತು. ಅವರು ಚೀನಾದಲ್ಲಿ ಆಡಿದರು. ಆಟಗಾರ್ತಿಯರು ನಿವೃತ್ತಿಯ ಮಾತಾಡುವ ವಯಸ್ಸಿನಲ್ಲಿ, 2011ರಲ್ಲಿ, ಇಟಲಿಯ ಲಾಜಿಯೊ ಕ್ಲಬ್ ಸೇರಿದರು.

1994ರಿಂದ ಪೋರ್ಚುಗಲ್‌ನ ದಕ್ಷಿಣ ಕರಾವಳಿಯಲ್ಲಿ ಅಲ್ಗಾರ್ವೆ ಕಪ್ ಎಂಬ ಮಹಿಳಾ ಟೂರ್ನಿ ನಡೆಯುತ್ತಿತ್ತು. ಅಮೆರಿಕ, ನಾರ್ವೆ, ಸ್ವೀಡನ್, ಜರ್ಮನಿಯಂಥ ಬಲಿಷ್ಠ ತಂಡಗಳು ಅಲ್ಲಿ ಪ್ರಶಸ್ತಿಗಾಗಿ ಸೆಣಸುತ್ತಿದ್ದವು. ಆತಿಥೇಯ ತಂಡ ಹೆಚ್ಚಿನ ವರ್ಷಗಳಲ್ಲಿ ಕೆಳಗಿನ ಸ್ಥಾನಗಳಿಗಾಗಿ ಆಡುತ್ತಿತ್ತು. ಜಗತ್ತಿನ ಶ್ರೇಷ್ಠ ಆಟ ಕೌಟೊ ಅವರ ನಾಡಿನಲ್ಲೇ ನಡೆಯುತ್ತಿದ್ದರೂ ಅವರ ತಂಡಕ್ಕೆ ನಿಲುಕುತ್ತಿರಲಿಲ್ಲ.

ಈಗ ಗೀತೆಗೆ ಮರಳಬಹುದು. ಕೃಷ್ಣ ಫಲದ ಆಸೆ ಬಿಡು ಎಂದದ್ದು ಯಾರಿಗೆ? ರಾಜ್ಯದ ಮೇಲೆ ನ್ಯಾಯವಾದ ಹಕ್ಕಿದ್ದ ಅರ್ಜುನನಿಗೆ. ಬಿಡಲು ಅವನ ಬಳಿ ಏನಾದರೂ ಇತ್ತು. ಅಷ್ಟೇ ಅಲ್ಲ, ಹೇಳಿದವನು ಅವನ ಪಾಲನ್ನು ಕಸಿದವನಲ್ಲ, ಅವನ ರಥ ನಡೆಸುತ್ತಿದ್ದವನು. ಇದೇ ಮಾತನ್ನು ದುರ್ಯೋಧನ ಹೇಳಿದ್ದರೆ ಅದು ಉಪದೇಶವಾಗುತ್ತಿರಲಿಲ್ಲ. ಮಹಾಭಾರತದಲ್ಲೇ ಏಕಲವ್ಯನೂ ಇದ್ದಾನೆ. ಹೆಬ್ಬೆರಳು ಕೊಟ್ಟದ್ದು ಅವನ ದೊಡ್ಡತನ. ಆ ದೊಡ್ಡತನವನ್ನು ಎಷ್ಟು ಕೊಂಡಾಡಿದರೂ ದ್ರೋಣ ಅದನ್ನು ಕೇಳಿದ್ದು ಸರಿಯಾಗುವುದಿಲ್ಲ. ಫಲತ್ಯಾಗವೆಂಬುದು ಅದನ್ನು ಮಾಡುವವಳ ಒಳಗಿನಿಂದ ಬರಬೇಕಾದ ನಿರ್ಧಾರ. ಫಲ ಹಂಚುವ ಸ್ಥಾನದಲ್ಲಿ ಕೂತವರು ಅದನ್ನೇ ಬೋಧಿಸಿದರೆ, ಕೊಡದೆ ಉಳಿಸಿಕೊಂಡದ್ದಕ್ಕೆ ಧರ್ಮದ ಹೊದಿಕೆ ಸಿಕ್ಕಂತಾಗುತ್ತದೆ.

ಈ ಭೇದವನ್ನು ಮೈಮೇಲೆ ಅನುಭವಿಸಿ ತಿಳಿದ ಚಿಂತಕಿಯೊಬ್ಬರು ಪೋರ್ಚುಗಲ್‌ಗೆ ಬಂದಿದ್ದರು. ಫ್ರಾನ್ಸಿನ ಸಿಮೋನ್ ವೇಯ್ 1934–35ರಲ್ಲಿ ಪ್ಯಾರಿಸ್ಸಿನ ಕಾರ್ಖಾನೆಗಳಲ್ಲಿ ಕೂಲಿಯಾಗಿ ದುಡಿದು, ಸೋತು ಸುಣ್ಣವಾಗಿ, 1935ರ ಬೇಸಿಗೆಯ ಕೊನೆಯಲ್ಲಿ ತಂದೆತಾಯಿಯ ಜೊತೆ ಅಲ್ಲಿಗೆ ಹೋದರು. ಕಡಲತೀರದ ಒಂದು ಬಡ ಹಳ್ಳಿಯಲ್ಲಿ ಊರದೇವರ ಹಬ್ಬ. ಹುಣ್ಣಿಮೆಯ ರಾತ್ರಿ ಮೀನುಗಾರರ ಹೆಂಡಂದಿರು ಮೇಣದಬತ್ತಿ ಹಿಡಿದು, ಎದೆ ಕಲಕುವ ಹಳೆಯ ಹಾಡುಗಳನ್ನು ಹಾಡುತ್ತ ದೋಣಿಗಳ ಸುತ್ತ ಮೆರವಣಿಗೆ ಬರುತ್ತಿದ್ದರು. ಕ್ರೈಸ್ತ ಧರ್ಮ ಮೂಲದಲ್ಲಿ ಗುಲಾಮರ ಧರ್ಮ, ತಾನೂ ಅವರಲ್ಲೊಬ್ಬಳು ಎಂಬುದು ಆ ರಾತ್ರಿ ತನಗೆ ಖಚಿತವಾಯಿತೆಂದು ವೇಯ್ ಮುಂದೆ ಬರೆದರು. 1940ರಲ್ಲಿ ಅವರು ಭಗವದ್ಗೀತೆ ಓದಿ ಅದರಲ್ಲಿ ಮುಳುಗಿಹೋದರು, ಅದಕ್ಕಾಗಿ ಸಂಸ್ಕೃತ ಕಲಿತರು. ಫಲಕ್ಕೆ ಅಂಟಿಕೊಳ್ಳದ ಕರ್ಮದ ಮಾತು ಅವರಿಗೆ ತೀರಾ ಹತ್ತಿರದ್ದಾಯಿತು. ಹಾಗೆಂದು ಕಾರ್ಖಾನೆಯ ಕೂಲಿಗಳ ಸ್ಥಿತಿಯನ್ನು ಅವರು ವೈರಾಗ್ಯವೆಂದು ಕರೆಯಲಿಲ್ಲ. ಉದ್ದೇಶವೇ ಕಾಣದ ದುಡಿಮೆ ಮನುಷ್ಯರನ್ನು ಹೇಗೆ ಪುಡಿಮಾಡುತ್ತದೆ ಎಂಬುದನ್ನು ಅವರಷ್ಟು ನಿಖರವಾಗಿ ಬರೆದವರು ಕಡಿಮೆ.

ಕ್ಯಾಥೊಲಿಕ್ ಪೋರ್ಚುಗಲ್‌ಗೆ ಚಿರಪರಿಚಿತವಾದ ಮತ್ತಾಯನ ಸುವಾರ್ತೆಯ ಕತೆಯೊಂದು ಪ್ರಶ್ನೆಯನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆ ಬಂದವರಿಗೂ ದಿನ ಮುಗಿಯುವ ಹೊತ್ತಿಗೆ ಬಂದವರಿಗೂ ಒಂದೇ ಕೂಲಿ ಕೊಡುತ್ತಾನೆ. ಇಡೀ ದಿನ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ತಡವಾಗಿ ಬಂದವರಿಗೆ ಸಿಕ್ಕದ್ದು ಕೃಪೆ, ಅದಕ್ಕೆ ಲೆಕ್ಕವಿಲ್ಲ. 2022ರಲ್ಲಿ ಪೋರ್ಚುಗಲ್ ತಂಡಕ್ಕೂ ಹಾಗೊಂದು ಅವಕಾಶ ಬಂತು. ಅರ್ಹತಾ ಪ್ಲೇಆಫ್‌ನಲ್ಲಿ ರಷ್ಯಾಕ್ಕೆ ಸೋತಿದ್ದ ತಂಡ, ಉಕ್ರೇನ್ ಮೇಲಿನ ದಾಳಿಯಿಂದ ರಷ್ಯಾ ನಿಷೇಧಕ್ಕೊಳಗಾದಾಗ ಆ ಜಾಗದಲ್ಲಿ ಯೂರೋ ಆಡಿತು. ಆದರೆ ಕತೆಯ ಯಜಮಾನ ಬೆಳಗ್ಗೆ ಬಂದವರ ಕೂಲಿಯನ್ನು ಮುರಿದುಕೊಳ್ಳಲಿಲ್ಲ, ಮಾತಾಡಿದ್ದನ್ನು ಪೂರ್ತಿ ಕೊಟ್ಟ. ಕೊನೆಗೆ ಬಂದವರ ಮೇಲಿನ ಕೃಪೆ, ಮೊದಲು ಬಂದವರಿಗೆ ಸಲ್ಲಬೇಕಾದ ನ್ಯಾಯದ ಜೊತೆಗೇ ನಿಂತಿತ್ತು. ಕೌಟೊ ಅವರ ಪೀಳಿಗೆಗೆ ಆ ಮೊದಲ ಕೂಲಿಯೇ ಬರಲಿಲ್ಲ.

ಹಾಗಾದರೆ ಆ 145 ಪಂದ್ಯಗಳು ವ್ಯರ್ಥವೇ? ಅಲ್ಲ. ಗೀತೆಯ ಮೂರನೇ ಅಧ್ಯಾಯದಲ್ಲಿ ಲೋಕಸಂಗ್ರಹದ ಮಾತು ಬರುತ್ತದೆ: ಲೋಕ ಚೆದುರದಂತೆ ಹಿಡಿದಿಡುವ ಕೆಲಸ. 2023ರ ಫೆಬ್ರುವರಿಯಲ್ಲಿ, ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ, ಕ್ಯಾಮರೂನ್ ವಿರುದ್ಧ ಆಟದ ಹೆಚ್ಚುವರಿ ನಿಮಿಷಗಳಲ್ಲಿ ಪೆನಾಲ್ಟಿ ಹೊಡೆದು ಪೋರ್ಚುಗಲನ್ನು ಮೊದಲ ಬಾರಿ ವಿಶ್ವಕಪ್ಪಿಗೆ ದಾಟಿಸಿದವರು ಕಾರೊಲಿ ಕೋಸ್ತಾ. ಕೋಸ್ತಾ, ಅನಾ ಬೋರ್ಜಿಸ್, ದೊಲೊರೆಸ್ ಸಿಲ್ವಾ ಮೂವರೂ ಎಳೆಯ ವಯಸ್ಸಿನಲ್ಲಿ ದೇಶದ ತಂಡ ಸೇರಿದಾಗ ಅಲ್ಲಿ ಕೌಟೊ ಇನ್ನೂ ಆಡುತ್ತಿದ್ದರು. ಕೌಟೊ ಅವರ ಪಂದ್ಯಗಳ ದಾಖಲೆಯನ್ನು ಮುಂದೆ ದಾಟಿದ್ದೂ ಬೋರ್ಜಿಸ್‌ರಂಥ ಈ ಕಿರಿಯರೇ. ಅದೇ ವಿಶ್ವಕಪ್ಪಿನಲ್ಲಿ ಈ ಆಟಗಾರ್ತಿಯರು ವಿಯೆಟ್ನಾಮನ್ನು ಸೋಲಿಸಿದರು, ಹಿಂದಿನ ಚಾಂಪಿಯನ್ ಅಮೆರಿಕವನ್ನು ಗೋಲಿಲ್ಲದ ಸಮಬಲಕ್ಕೆ ಕಟ್ಟಿಹಾಕಿದರು. ಕೊನೆಯ ಕ್ಷಣದಲ್ಲಿ ಅನಾ ಕಪೇತಾ ಒದ್ದ ಚೆಂಡು ಗೋಲುಕಂಬಕ್ಕೆ ಬಡಿಯದಿದ್ದರೆ ಮನೆಗೆ ಹೊರಡುತ್ತಿದ್ದದ್ದು ಅಮೆರಿಕ.

ಲೋಕಸಂಗ್ರಹ ಕೌಟೊ ಅವರ ದುಡಿಮೆಗೆ ಅರ್ಥ ಕೊಡುತ್ತದೆ. ಅವರಿಗೆ ಅಂಗಳ, ಸಂಬಳ, ಲೀಗ್ ಒದಗಿಸದವರ ಹೊಣೆಯನ್ನು ಮಾತ್ರ ಅದು ಇಳಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿಯುವುದು ಸಾಧ್ಯವೆಂದು ತೋರಿಸಿದವರು ಆಟಗಾರ್ತಿಯರೇ. 2020ರಲ್ಲಿ ಪೋರ್ಚುಗಲ್ ಫುಟ್‌ಬಾಲ್ ಒಕ್ಕೂಟ ಮಹಿಳಾ ಲೀಗ್‌ನ ಪ್ರತಿ ಕ್ಲಬ್‌ನ ಒಟ್ಟು ಸಂಬಳಕ್ಕೆ 5,50,000 ಯೂರೋ ಮಿತಿ ಹಾಕಿತು. ಪುರುಷರ ಲೀಗ್‌ಗೆ ಅಂಥ ಮಿತಿ ಇರಲಿಲ್ಲ. 132 ಆಟಗಾರ್ತಿಯರು ಸಹಿ ಹಾಕಿ ಪ್ರತಿಭಟಿಸಿದರು, ಒಕ್ಕೂಟ ಮಿತಿಯನ್ನು ಕೈಬಿಟ್ಟಿತು. ಕೌಟೊ ಕೂಡ ಆಟ ಬಿಟ್ಟ ಮೇಲೆ ಸುಮ್ಮನೆ ಕೂರಲಿಲ್ಲ. ಪೋರ್ಚುಗಲ್‌ನ ಆಟಗಾರರ ಸಂಘ ಸೇರಿ, ಮಹಿಳಾ ಫುಟ್‌ಬಾಲ್‌ನ ಕೆಲಸವನ್ನು ವಹಿಸಿಕೊಂಡರು.