ಮಾತೃಸ್ಮರಣೆಯೂ ಶರಣಧರ್ಮವೂ

ಲಿಂಗೈಕ್ಯರಾದವರಿಗಾಗಿ ದುಃಖಿಸುವುದು ಶರಣಧರ್ಮಕ್ಕೆ ಸಮ್ಮತವೇ? ಸಮ್ಮತವಲ್ಲವೆಂದಾದರೆ ಅವರನ್ನು ಸ್ಮರಿಸುವ ಬಗೆ ಯಾವುದು? ಪಾಠಶಾಲೆಯಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನಾನು ಶಾಸ್ತ್ರೋಕ್ತವಾಗಿಯೇ ಉತ್ತರ ಕೊಡುತ್ತಿದ್ದೆನು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲ. ಅಂಗವು ಲಿಂಗದಲ್ಲಿ ಬೆರೆಯುವುದೇ ಐಕ್ಯ. ಆದುದರಿಂದ ಶೋಕಕ್ಕೆ ಎಡೆಯಿಲ್ಲ ಎಂದು ಹೇಳುತ್ತಿದ್ದೆನು. ಕಳೆದ ಶ್ರಾವಣ ಮಾಸದಲ್ಲಿ ನನ್ನ ತಾಯಿಯವರು ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಂದು ಆ ಉತ್ತರವು ನಾಲಗೆಯ ಮೇಲೆಯೇ ನಿಂತಿತು, ಎದೆಗೆ ಇಳಿಯಲಿಲ್ಲ.

ಅವ್ವನಿಗೆ ಅಕ್ಷರಜ್ಞಾನವಿರಲಿಲ್ಲ. ತಾಳೆಯೋಲೆಗಳಲ್ಲಿದ್ದ ವಚನಗಳನ್ನು ಫ. ಗು. ಹಳಕಟ್ಟಿಯವರು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದ ಪುಣ್ಯದಿಂದ ನಮ್ಮಂಥವರಿಗೆ ಅವು ಓದಲು ದೊರೆತವು. ಅವ್ವ ಅವನ್ನು ಓದಲಿಲ್ಲ, ಅವುಗಳಂತೆ ನಡೆದಳು. ನಸುಕಿನಲ್ಲಿ ಮಿಂದು, ಲಿಂಗಪೂಜೆಯನ್ನು ಮುಗಿಸಿ, ಬೀಸುವ ಕಲ್ಲಿನ ಮುಂದೆ ಕೂಡ್ರುವ ಮೊದಲು ಒಂದು ಹಿಡಿ ಜೋಳವನ್ನು ಮಠದ ದಾಸೋಹಕ್ಕೆಂದು ಗಡಿಗೆಯಲ್ಲಿ ಹಾಕುವಳು. 1972ರ ಬರಗಾಲದಲ್ಲಿ ನಾನಿನ್ನೂ ಎಳೆಗೂಸು. ಆಗ ಹಿಡಿ ಸಣ್ಣದಾಯಿತೇ ಹೊರತು ಒಂದು ದಿನವೂ ತಪ್ಪಲಿಲ್ಲವೆಂದು ಹಿರಿಯಣ್ಣನು ಹೇಳುವನು.

ನಾನು ಬಾಲಕನಾಗಿದ್ದಾಗ ನೆರೆಯವರ ಕಣದಲ್ಲಿ ದುಡಿದು, ಕೂಲಿಯ ಕಾಳಿನೊಡನೆ ಮತ್ತೆರಡು ಬೊಗಸೆ ಹೆಚ್ಚಿಗೆ ಕಟ್ಟಿಕೊಂಡು ಬಂದೆನು. ಅವ್ವ ಬೈಯಲಿಲ್ಲ. ಗಂಟನ್ನು ಬಿಚ್ಚಿ, ಕೂಲಿಯಷ್ಟನ್ನು ತೆಗೆದಿರಿಸಿ, ಉಳಿದುದನ್ನು ಮರಳಿ ನನ್ನ ಕೈಗೆ ಕೊಟ್ಟು, “ಇದು ನಮ್ಮದಲ್ಲಪ್ಪಾ, ಇಟ್ಟು ಬಾ” ಎಂದಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಕಳುಹಿದ ಕಥೆಯನ್ನು ನಾನು ಓದಿದುದು ಬಹುಕಾಲದ ಮೇಲೆ. ಓದಿದಾಗ ಹೊಸದೆನಿಸಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಕೊನೆಯ ಎರಡು ವರುಷ ಅವ್ವನ ನೆನಪು ಕದಡಿತು. ಮಕ್ಕಳ ಹೆಸರು ಮರೆತಳು. ಮನೆಯ ಪಡಸಾಲೆಯನ್ನೇ ಬೇರೊಂದೂರೆಂದಳು. ಆದರೆ ಒಂದು ಪ್ರಶ್ನೆ ಮಾತ್ರ ಉಳಿದಿತ್ತು: “ಬಂದವ್ರು ಉಂಡ್ರೇನಪ್ಪಾ?” ದಿನಕ್ಕೆ ಹತ್ತಾರು ಸಲ ಅದೇ ಮಾತು. ಒಂದು ದಿನ ಮರುದಿನದ ಪ್ರವಚನಕ್ಕಾಗಿ ದಾಸೋಹವನ್ನೇ ಕುರಿತು ಬರೆಯುತ್ತ ಕುಳಿತಿದ್ದ ನಾನು, “ಎಷ್ಟು ಸಲ ಹೇಳಲಿ? ಯಾರೂ ಬಂದಿಲ್ಲ, ಸುಮ್ಮನಿರು” ಎಂದು ಗದರಿದೆನು. ಅವ್ವ ಬೆದರಿದ ಕೂಸಿನಂತೆ ಸೆರಗನ್ನು ಬಾಯಿಗಿಟ್ಟುಕೊಂಡಳು. ಒಳಗಿನಿಂದ ಬಂದ ನನ್ನ ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು, “ಉಂಡ್ರು ಆಯೀ, ಹೊಟ್ಟಿ ತುಂಬ ಉಂಡ್ರು. ಈಗ ನೀನೊಂದು ತುತ್ತು ಉಣ್ಣು” ಎಂದಳು. ಬೆಳಿಗ್ಗೆಯಿಂದ ಉಪವಾಸವಿದ್ದ ಅವ್ವ ಆಗ ಉಂಡಳು. ಬಂದವರು ಉಣ್ಣದೆ ತಾನುಣ್ಣಬಾರದೆಂಬ ನಿಯಮವು, ಎಲ್ಲವನ್ನೂ ಮರೆತ ಆ ಜೀವದಲ್ಲಿ ಮಾಸದೆ ಇದ್ದಿತು. ದಾಸೋಹವನ್ನು ಬರೆಯುತ್ತಿದ್ದವನಿಗೆ ಅದು ತಿಳಿಯಲಿಲ್ಲ.

ಅಂದಿನಿಂದ ನನಗೆ ತೋರಿದುದಿಷ್ಟು. ಬಾಯಿಂದ ಕಲಿತುದನ್ನು ಮುಪ್ಪು ಅಳಿಸೀತು. ಕೈಯಿಂದ ನಿತ್ಯವೂ ನಡೆಸಿದುದು ಸುಲಭವಾಗಿ ಅಳಿಯದು. ಅವ್ವನಿಗೆ ತನ್ನ ಹೆಸರೂ ಬೇಕಿಲ್ಲದಾಯಿತು. ಹೀಗಿರಲು ನಾವು ಅವಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ಮಾತ್ರಕ್ಕೆ ಸ್ಮರಣೆಯಾಯಿತೆನ್ನಬಹುದೇ? ಸಮಾಧಿಯನ್ನು ಕಟ್ಟಿಸುವುದೂ ಗಣಾರಾಧನೆಯನ್ನು ಮಾಡಿಸುವುದೂ ತಪ್ಪಲ್ಲ. ಆದರೆ ಅವು ಒಂದು ದಿನದಲ್ಲಿ ಮುಗಿಯುವ ಕಾರ್ಯಗಳು. ಅವ್ವನ ಹಿಡಿ ಜೋಳವು ಎಪ್ಪತ್ತು ವರುಷಗಳಿಗೂ ಮಿಕ್ಕಿದ ಕಾರ್ಯ.

ದುಃಖದ ವಿಷಯದಲ್ಲಿಯೂ ಒಂದು ಮಾತು. ಐಕ್ಯಳಾದವಳಿಗೆ ಕೊರತೆಯಿಲ್ಲವಾದುದರಿಂದ ಅವಳಿಗಾಗಿ ಅಳಬೇಕಾದುದಿಲ್ಲ. ಆದರೆ ನಮ್ಮ ತಪ್ಪನ್ನು ನೆನೆದು ಬರುವ ಕಣ್ಣೀರನ್ನು ಯಾವ ಶರಣರೂ ಹಳಿಯರು. ಆ ಕಣ್ಣೀರು ನಡತೆಯನ್ನು ತಿದ್ದಿದರೆ ಸಾರ್ಥಕ. ಇಲ್ಲದಿದ್ದರೆ ಅದೂ ಒಂದು ಡಂಭವೇ.

ಈಗ ನನ್ನ ಮನೆಯಲ್ಲಿ ಬೀಸುವ ಕಲ್ಲಿಲ್ಲ. ಹಿಟ್ಟು ಗಿರಣಿಯಿಂದ ಬರುತ್ತದೆ. ಗಡಿಗೆ ಮಾತ್ರ ಅಲ್ಲಿಯೇ ಇದೆ. ಲಿಂಗಪೂಜೆಯ ತರುವಾಯ ಅದಕ್ಕೆ ಹಿಡಿ ಕಾಳು ಹಾಕುವ ಕೆಲಸವನ್ನು ಮಗಳಿಂದ ಕೇಳಿ ನಾನು ವಹಿಸಿಕೊಂಡಿರುವೆನು. ಹಾಕುವಾಗಲೆಲ್ಲ ಅವ್ವನ ಪ್ರಶ್ನೆಯು ಕೇಳಿಸುತ್ತದೆ. ಅದಕ್ಕೆ ಗದರದೆ ಉತ್ತರ ಕೊಡಲು ನನಗೆ ಉಳಿದಿರುವ ದಾರಿ ಇದೊಂದೇ.

ಮನೆಯಲ್ಲಿ ವೃದ್ಧ ಮಾತಾಪಿತೃಗಳಿರುವ ಭಕ್ತಬಾಂಧವರು ಅವರು ಕೇಳಿದುದನ್ನೇ ಮತ್ತೆ ಕೇಳಿದಾಗ ಬೇಸರಿಸದೆ ಆಲಿಸಲಿ. ಅದರಲ್ಲಿ ಅವರ ಬಾಳಿನ ಸಾರವಿದ್ದೀತು.