ಸಾಮಾನು ಕಾಯುವವರ ಪಾಲು

(ಸಮುವೇಲನ ಮೊದಲನೆಯ ಪುಸ್ತಕದ 30ನೆಯ ಅಧ್ಯಾಯವನ್ನು ಓದಿರಿ.)

ಅಮಾಲೇಕ್ಯರನ್ನು ಹಿಂದಟ್ಟಿದ ದಾವೀದನ ಆರು ನೂರು ಮಂದಿಯಲ್ಲಿ ಇನ್ನೂರು ಮಂದಿ ಬಹಳವಾಗಿ ದಣಿದು ಬೆಸೋರ್ ಹಳ್ಳದ ಬಳಿಯಲ್ಲಿ ಸಾಮಾನು ಕಾಯುತ್ತಾ ನಿಂತರು. ಜಯಹೊಂದಿ ತಿರುಗಿ ಬಂದವರಲ್ಲಿ ಕೆಲವರು ಇವರಿಗೆ ಪಾಲು ಕೊಡಕೂಡದೆಂದು ವಾದಿಸಿದರು. ಈ ವಾದವು ನಮ್ಮ ಸಭೆಗಳಲ್ಲಿಯೂ ಕೇಳಬರುತ್ತದೆ. ಪ್ರಸಂಗ ಮಾಡುವವನು ದೊಡ್ಡವನು, ದೇವಾಲಯದ ನೆಲ ಗುಡಿಸುವ ವಿಧವೆಯು ಲೆಕ್ಕಕ್ಕಿಲ್ಲ ಎಂದು ಎಣಿಸುವವರು ನಮ್ಮಲ್ಲಿದ್ದಾರೆ.

ಇಂಥವರು 1954ನೆಯ ಇಸವಿಯಲ್ಲಿ ವಿಯೆಟ್ನಾಮ್ ದೇಶದಲ್ಲಿ ನಡೆದದ್ದನ್ನು ಕೇಳಲಿ. ಆ ದೇಶದ ವಾಯವ್ಯ ಮೂಲೆಯಲ್ಲಿ, ಲಾವೋಸಿನ ಗಡಿಗೆ ಸಮೀಪವಾಗಿ, ದಿಯೆನ್ ಬಿಯೆನ್ ಫು ಎಂಬ ಕಣಿವೆಯುಂಟು. ಫ್ರೆಂಚರು 1953ನೆಯ ನವೆಂಬರಿನಲ್ಲಿ ವಿಮಾನಗಳಿಂದ ಅಲ್ಲಿ ಇಳಿದು ಭದ್ರವಾದ ಠಾಣ್ಯಗಳನ್ನು ಕಟ್ಟಿಕೊಂಡರು. ಸುತ್ತಲೂ ಕಾಡುಬೆಟ್ಟಗಳು, ಅವುಗಳನ್ನು ದಾಟಿ ಶತ್ರುವು ದೊಡ್ಡ ತೋಪುಗಳನ್ನು ತರಲಾರನೆಂದು ನೆನಸಿದರು. ಜಿಯಾಪ್ ಎಂಬ ಸೇನಾಪತಿಯ ಕಡೆಯವರು ತಂದೇ ತಂದರು. ಲಾರಿಗಳೂ ಓಡಿದವು, ಆದರೆ ಬೆಟ್ಟದ ಮೇಲೆ ತೋಪುಗಳನ್ನು ಹಗ್ಗ ಕಟ್ಟಿ ಮನುಷ್ಯರೇ ಎಳೆದರು. ಅಕ್ಕಿಯನ್ನೂ ಮದ್ದುಗುಂಡನ್ನೂ ಸಾಗಿಸುವದಕ್ಕೆ ಗಂಡಸರೂ ಹೆಂಗಸರೂ ಕೂಡಿ 2 ಲಕ್ಷಕ್ಕೂ ಹೆಚ್ಚು ಜನರು ದುಡಿದರು. ಸುಮಾರು 20,000 ಬೈಸಿಕಲ್ಲುಗಳಿದ್ದವೆಂದು ಹೇಳುತ್ತಾರೆ.

ಆ ಬೈಸಿಕಲ್ಲನ್ನು ಯಾರೂ ಹತ್ತಿ ಸವಾರಿ ಮಾಡಲಿಲ್ಲ. ಹಿಡಿಗೆ ಬಿದಿರಿನ ಕೋಲನ್ನು ಉದ್ದಕ್ಕೆ ಕಟ್ಟಿ, ಪೀಠದ ಹಿಂದೆ ಮತ್ತೊಂದು ಕೋಲನ್ನು ನಿಲ್ಲಿಸಿ, ಒಂದರಿಂದ ತಿರುಗಿಸುತ್ತಾ ಇನ್ನೊಂದರಿಂದ ನೂಕುತ್ತಾ ಮಗ್ಗುಲಲ್ಲಿ ನಡೆದರು. ಹೀಗೆ ಒಂದರ ಮೇಲೆ 200 ಕಿಲೋಗ್ರಾಮು, ಅಂದರೆ ಎರಡು ದೊಡ್ಡ ಮೂಟೆ ಅಕ್ಕಿ, ಸಾಗುತ್ತಿತ್ತು. (ಆ ಬೈಸಿಕಲ್ಲುಗಳಲ್ಲಿ ಅನೇಕವು ಫ್ರಾನ್ಸಿನಲ್ಲಿಯೇ ಮಾಡಲ್ಪಟ್ಟವುಗಳು!) ಹೊರುವವನೂ ದಾರಿಯಲ್ಲಿ ಉಣ್ಣಬೇಕಷ್ಟೆ, ಹೆಗಲ ಮೇಲೆ ಹೊತ್ತ ಅಕ್ಕಿಯಲ್ಲಿ ಬಹುಭಾಗವು ದಾರಿಯಲ್ಲಿಯೇ ತೀರುತ್ತಿತ್ತು. ಗಾಲಿಯ ಪ್ರಯೋಜನವು ಇಲ್ಲಿ ತಿಳಿಯುತ್ತದೆ. ವಿಮಾನಗಳ ಭಯದಿಂದ ಹೆಚ್ಚಾಗಿ ರಾತ್ರಿಯಲ್ಲಿ ನಡೆದರು. ಜನವರಿಯಲ್ಲಿ ಅಷ್ಟು ಕಷ್ಟದಿಂದ ಎಳೆದು ತಂದ ತೋಪುಗಳನ್ನು, ಇನ್ನೂ ಸಿದ್ಧತೆ ಸಾಲದೆಂದು, ಸೇನಾಪತಿಯು ಹಿಂದಕ್ಕೆ ಎಳಿಸಿದನು, ಅದನ್ನೂ ಸಹಿಸಿದರು. ಮಾರ್ಚ್ 13ರಂದು ಕಾದಾಟವು ಆರಂಭವಾಯಿತು. ಮೇ 7ರಂದು ಠಾಣ್ಯವು ಬಿದ್ದಿತು.

ಯುದ್ಧವನ್ನು ಹೊಗಳಲಿಕ್ಕೆ ನಾವು ಇದನ್ನು ಬರೆಯುವದಿಲ್ಲ. ಎರಡು ಕಡೆಯ ತಾಯಂದಿರೂ ಅತ್ತರು. ಆದರೆ ಸೇನಾಪತಿಯ ಹೆಸರು ಲೋಕಕ್ಕೆಲ್ಲಾ ಗೊತ್ತು. ಕೋಲು ಹಿಡಿದು ನೂಕಿದವರ ಹೆಸರುಗಳನ್ನು ಯಾರು ಬಲ್ಲರು?

ದಾವೀದನಾದರೋ, ಇದು ಕರ್ತನು ಕೊಟ್ಟದ್ದೇ ಹೊರತು ನಿಮ್ಮ ಗಳಿಕೆಯಲ್ಲವೆಂದು ಆ ವಾದಿಸುವವರ ಬಾಯಿ ಕಟ್ಟಿ, ಕಾದಿದವನಿಗೂ ಕಾಯ್ದವನಿಗೂ ಸಮಪಾಲೆಂದು ಕಟ್ಟಳೆಮಾಡಿದನು. ಅದಕ್ಕಿಂತ ಮೊದಲು ಅವನು ಮಾಡಿದ ಇನ್ನೊಂದನ್ನು ನಾವು ಓದುವಾಗ ಬೇಗನೆ ದಾಟಿಬಿಡುತ್ತೇವೆ: ದಣಿದಿದ್ದ ಆ ಇನ್ನೂರು ಮಂದಿಯ ಹತ್ತಿರಕ್ಕೆ ತಾನೇ ಬಂದು ಅವರ ಕ್ಷೇಮವನ್ನು ವಿಚಾರಿಸಿದನು. ನೆಲ ಗುಡಿಸುವ ಆ ತಾಯಿಯ ಮನೆಗೆ ಈ ತಿಂಗಳಲ್ಲಿ ನಮ್ಮೊಳಗೆ ಯಾರು ಹೋದೆವು? ಆಕೆಯ ಜ್ವರ ಬಿಟ್ಟಿತೋ ಎಂದು ಕೇಳಿದೆವೋ?